ಮೊಯ್ದು ಕಾಕನ ಅಂಗಡಿಯಲ್ಲಿ ನ್ಯಾಯ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ, ಮೀನಂಗಡಿ ದಾಟಿ
ಮೊಯ್ದು ಕಾಕನ ರಿಪೇರಿ ಅಂಗಡಿ.
ಸಂತೆಯ ದಿನ ಮೂರು ಗಂಟೆಗೆ ಅಲ್ಲಿ ನ್ಯಾಯ ಕೂರುತ್ತದೆ:
ಯಾವ ಕಾಲದ ವಿಡಿಯೋ ಗೇಮು ಕೂಡಿಡಬೇಕು,
ಯಾವುದು ಗುಜರಿಗೆ.
ವಾದಿಗಳು ಮೂವರು. ತೀರ್ಪು ಇದುವರೆಗೆ ಬಂದಿಲ್ಲ.

ಹವಾಲ್ದಾರ್ ಉತ್ತಯ್ಯನವರದು ಎಂಟು ಬಿಟ್ಟಿನ ಪಕ್ಷ.
ಜಬಲ್ಪುರದಿಂದ ಟ್ರಂಕಿನಲ್ಲಿ ಬಂದ ಬಿಳಿ ಡಬ್ಬಿ,
ಹಳದಿ ಕ್ಯಾಸೆಟ್ಟು, ಮೇಲೆ ಬರೆದಿದೆ
‘ಒಂದರಲ್ಲಿ ಹತ್ತು ಲಕ್ಷ ಆಟ’.
ಎಣಿಸಿದ್ದೀರಾ ಅಂದರೆ,
‘ಆರು. ಮಿಕ್ಕಿದ್ದೆಲ್ಲ ಅದೇ ಆರು, ಬೇರೆ ಅಂಗಿ ತೊಟ್ಟು.
ಪಟ್ಟಾಳದಲ್ಲಿದ್ದವನಿಗೆ ಇದೇನು ಹೊಸದಾ?’
ಅದರ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋವಿ
ಕೈಲ್ ಮುಹೂರ್ತದ ದಿನ ಅಜ್ಜನ ಕೋವಿಯ ಪಕ್ಕದಲ್ಲೇ ಒರಗುತ್ತದೆ,
ಅದಕ್ಕೂ ಗಂಧ, ಅದಕ್ಕೂ ತೋಕ್‌ಪೂ.
‘ಅಜ್ಜನದು ಎಷ್ಟೋ ಹಂದಿ ಉರುಳಿಸಿದೆ. ಇದು ಪಾಪ,
ಗಾಜಿನ ಹಿಂದಿನ ಹಕ್ಕಿ ಬಿಟ್ಟು ಬೇರೇನೂ ಮುಟ್ಟಿಲ್ಲ.’

ನನ್ನದು ಬೂದು ಡಬ್ಬಿ, ಹೊಳೆವ ತಟ್ಟೆಗಳ ಕಾಲ.
ಆಗ ಆಟದ ಮನುಷ್ಯರಿಗೆ ಮೊಣಕೈ ಬಂತು, ನೆರಳು ಬಂತು,
ಮುಖ ಮಾತ್ರ ಇನ್ನೂ ಕೊಡಲಿಯಲ್ಲಿ ಕೆತ್ತಿದ ಹಾಗೆ.
ಎಂಬತ್ತಾರು ಕೂಡಿಸಿದ್ದೆ. ಕಕ್ಕಡ ಕಳೆದು ಪೆಟ್ಟಿಗೆ ತೆರೆದರೆ
ಇಪ್ಪತ್ತರ ಮೇಲೆ ಬೂಷ್ಟು, ಅಂಚಿನಿಂದ ಒಳಕ್ಕೆ ತೆವಳಿ.
ಉಳಿದದ್ದನ್ನು ಅಕ್ಕಿ ಡಬ್ಬಿಯಲ್ಲಿ ಹೂತೆ.
ಅಮ್ಮ ಸೇರು ಇಳಿಸಿದ ರಭಸಕ್ಕೆ ಒಂದು ಎರಡಾಯಿತು.
‘ಈ ಊರಲ್ಲಿ ಕನ್ನಡಿಗೇ ಬೂಷ್ಟು ಹಿಡೀತದೆ,
ನಿನ್ನ ತಟ್ಟೆ ಯಾವ ಲೆಕ್ಕ’ ಅಂತ ಕಾಕ.
‘ನನ್ನದಕ್ಕೆ ಒಂದು ಸಲ ಊದಿದರೆ ಸಾಕು’ ಅಂತ ಉತ್ತಯ್ಯ.
ಊದಬೇಡಿ, ಎಂಜಲಿಗೆ ತಾಮ್ರ ಹಸಿರಾಗುತ್ತದೆ ಎಂದು
ಕಾಕ ಹೇಳುತ್ತಲೇ ಬಂದಿದ್ದಾನೆ, ಹದಿನೈದು ವರ್ಷದಿಂದ.

ಮುತ್ತಕ್ಕಿ ಮೇಡಂ ಪೊನ್ನಂಪೇಟೆ ಬ್ಯಾಂಕಿನ ಕ್ಯಾಷಿಯರ್.
ಹದಿನಾರು ಬಿಟ್ಟು, ಕಪ್ಪು ಡಬ್ಬಿ. ನೋಟೆಣಿಸುವ ದನಿ:
‘ಇವರದು ಸ್ವಿಚ್ಚು ಆರಿಸಿದರೆ ಎಲ್ಲ ಮರೆಯುತ್ತದೆ.
ಇವನದು ನೆನಪಿಡಲು ಬೇರೆ ಕಾರ್ಡು ಕೇಳುತ್ತದೆ.
ನನ್ನದು ಹೊಟ್ಟೆಯೊಳಗೇ ಇಟ್ಟುಕೊಳ್ಳುತ್ತದೆ,
ರೂಪಾಯಿ ಬಿಲ್ಲೆಯಗಲದ ಸೆಲ್ಲೊಂದು ಬದುಕಿರುವ ತನಕ.’

ಈ ವಾರ ಆ ಕ್ಯಾಸೆಟ್ಟನ್ನೇ ತಂದಿದ್ದರು, ಕರವಸ್ತ್ರದಲ್ಲಿ ಸುತ್ತಿ.
ಹಾಕಿ ನೋಡಿದೆವು. ಪರದೆಯ ಮೇಲೆ ಎರಡು ಸಾಲು:
ಸಿ ಎಚ್ ಓ ಎನ್, ನಲವತ್ತೊಂದು ಗಂಟೆ.
ಎಂ ಯು ಟಿ ಎಚ್, ಮೂರು ಗಂಟೆ.
‘ನಾಲ್ಕೇ ಅಕ್ಷರಕ್ಕೆ ಜಾಗ. ಅಕ್ಕ, ಚೋಂದಮ್ಮ.
ಇರೋದು ಮೂರ್ನಾಡಿನಲ್ಲಿ. ಗಟ್ಟಿಮುಟ್ಟಾಗಿದ್ದಾಳೆ.
ಹನ್ನೊಂದು ವರ್ಷದಿಂದ ಮಾತಿಲ್ಲ. ಒಂದು ಜೋಮಾಲೆ, ಬಿಡಿ.’

ಕಾಕ ಮೀಟರಿನ ಕಡ್ಡಿ ತಾಗಿಸಿದ. ‘ಎರಡು ಪಾಯಿಂಟ್ ಒಂದು.
ಬರುವ ಮಳೆ ದಾಟುವುದಿಲ್ಲ.
ಸೆಲ್ಲು ಬಿಚ್ಚಿದರೆ ಎಲ್ಲ ಹೋಗ್ತದೆ.
ಪಕ್ಕದಿಂದ ಎರಡು ತಂತಿ ಹಿಡಿದು ಕರೆಂಟು ಕೊಡ್ತಾ
ಬದಲಿಸಬಹುದು. ಅರ್ಧ ನಿಮಿಷ. ಕೈ ಅಲುಗಬಾರದು.’

ಎಲ್ಲರೂ ಅವನ ಕೈ ನೋಡಿದೆವು.
ಅವನೂ ನೋಡಿಕೊಂಡ.

‘ಅಕ್ಕನನ್ನೇ ಒಂದು ಮಾತು ಕೇಳಿ, ಅವರ ಆಟ ತಾನೆ’
ಅಂದುಬಿಟ್ಟೆ. ನನಗೆ ಯಾವಾಗಲೂ ಬಾಯಿ ಮುಂದೆ.
ಮೇಡಂ ಹೊರಗೆ ನೋಡುತ್ತಾ ಕೂತರು,
ಅಲ್ಲಿ ಯಾರೋ ಕೋಳಿಯ ಕಾಲು ಕಟ್ಟುತ್ತಿದ್ದರು.
ಆ ದಿನ ಯಾವ ಕಾಲ ಮೇಲು ಎಂಬ ಮಾತು ಮತ್ತೆ ಏಳಲಿಲ್ಲ.

ಕಾಕ ಬೆಸುಗೆ ಕಡ್ಡಿಯ ಪ್ಲಗ್ಗು ಹಾಕಿ ಕಾಯಲು ಬಿಟ್ಟ.
ರಾಳದ ವಾಸನೆ ಏಳತೊಡಗಿತು.
ಮೇಡಂ ಕ್ಯಾಸೆಟ್ಟನ್ನು ಕೊಡಲೂ ಇಲ್ಲ, ಚೀಲಕ್ಕೆ ಹಾಕಲೂ ಇಲ್ಲ.
ಉತ್ತಯ್ಯ ಮೆಲ್ಲನೆ ಅದನ್ನು ಅವರ ಕೈಯಿಂದ ತೆಗೆದುಕೊಂಡು
ತಲೆಕೆಳಗು ಮಾಡಿ, ಕಣ್ಣು ಮುಚ್ಚಿ
ಉಫ್ ಎಂದು ಒಮ್ಮೆ ಊದಿದರು.

ಕಾಕ ಏನೂ ಅನ್ನಲಿಲ್ಲ.