ಚಳಿಯ ಜೋಫಿಯಾ ದಾಟುವ ತನಕ

ಸಲಿಕೆ ಕೆಳಗಿಡು, ಇಗ್ನಾತ್ಸಿ. ಮೊದಲು ಬೇಲಿಯ ಹತ್ತಿರ ಬಾ.
ಕೀಲಿಕೈ ಸಿಕ್ಕಿ ನಾಲ್ಕು ದಿನವಾಗಿಲ್ಲ,
ಆಗಲೇ ಮಣ್ಣೆಲ್ಲ ಬುಡಮೇಲು ಮಾಡುವ ಆತುರ.
ಲುಬ್ಲಿನ್ನಿನ ಮಾರ್ಚ್ ಬಿಸಿಲನ್ನು ನಂಬಬೇಡ,
ಸಾಲ ಕೊಡುವವನ ನಗು ಅದು,
ಬಡ್ಡಿ ಏಪ್ರಿಲಿನಲ್ಲಿ.

ಒಂದು ಹಿಡಿ ಮಣ್ಣೆತ್ತಿ ಹಿಂಡು.
ಬೆರಳಸಂದಿಯಲ್ಲಿ ನೀರು ಜಿನುಗಿತೋ, ಮನೆಗೆ ಹೋಗು,
ಚಹಾ ಕುಡಿ, ಇನ್ನೊಂದು ವಾರ ಬಿಟ್ಟು ಬಾ.
ಉಂಡೆ ಕಟ್ಟಿ, ಹೆಬ್ಬೆರಳು ತಾಗಿದ್ದೇ ತಡ
ನಿನ್ನೆಯ ಕೇಕಿನ ಹಾಗೆ ಪುಡಿಯಾಯಿತೋ, ಸರಿ, ಶುರು ಮಾಡು.
ಹಸಿ ಮಣ್ಣನ್ನು ತುಳಿದರೆ ಅದು
ಬೇಸಿಗೆ ಪೂರ್ತಿ ಮುಖ ಗಂಟಿಕ್ಕಿಕೊಂಡೇ ಇರುತ್ತದೆ,
ನನ್ನ ಹಾಗೆ.

ಬಟಾಣಿ ಗಟ್ಟಿ ಜೀವ. ರಾತ್ರಿ ನೆನೆಹಾಕಿ
ಬೆಳಿಗ್ಗೆ ಎರಡು ಬೆರಳಗೆಣ್ಣು ಆಳಕ್ಕೆ ಇಳಿಸು.
ಮೂಲಂಗಿ, ಪಾಲಕ್, ಇವಕ್ಕೂ ಚಳಿ ಲೆಕ್ಕಕ್ಕಿಲ್ಲ.
ಕ್ಯಾರೆಟ್ ಬೀಜ ಮಾತ್ರ ಮರಳಿನಲ್ಲಿ ಬೆರೆಸಿ ಚೆಲ್ಲು,
ಇಲ್ಲದಿದ್ದರೆ ಒಂದರ ಹೆಗಲಿಗೊಂದು, ಸಂಜೆ ಬಸ್ಸಿನ ಜನದಂತೆ.
ಆಲೂಗಡ್ಡೆಯನ್ನು ಮೊಟ್ಟೆಯ ಟ್ರೇಯಲ್ಲಿ ಕೂರಿಸು, ಕಣ್ಣು ಮೇಲಕ್ಕೆ,
ಕಿಟಕಿಯ ಬಳಿ. ರೈಲು ಹಳಿಯ ಪಕ್ಕ
ಹಳದಿ ಡ್ಯಾಂಡೆಲಿಯನ್ ಅರಳಿದ ದಿನ ನೆಲಕ್ಕೆ ಹಾಕು.
ಕ್ಯಾಲೆಂಡರಿಗಿಂತ ಕಳೆಗೆ ಹೆಚ್ಚು ಗೊತ್ತು.

ಟೊಮೆಟೊ? ಅದರ ಮಾತೇ ಬೇರೆ.
ಬೆಳಕಿನ ಕಡೆ ಕತ್ತು ಚಾಚಿ ಸೊರಗುತ್ತವೆ ಸಸಿಗಳು,
ದಿನಕ್ಕೊಮ್ಮೆ ಕುಂಡ ತಿರುಗಿಸು.
ನಿನ್ನ ಪುಟ್ಟಿ ಮಾಲ್ವಿನಾಗೆ ಹೇಳು,
ಶಾಲೆಗೆ ಹೋಗುವ ಮುಂಚೆ ತುದಿಗಳ ಮೇಲೆ
ಬೆಕ್ಕಿನ ಬೆನ್ನು ಸವರಿದ ಹಾಗೆ ಕೈಯಾಡಿಸಲಿ;
ಕಾಂಡ ದಪ್ಪಗಾಗುತ್ತದೆ. ನಗಬೇಡ, ಮಾಡಿ ನೋಡು.
ಮೇ ಹುಟ್ಟಿದ ಮೇಲೆ ಹೊರಗಿಡು, ನೆರಳಲ್ಲಿ ಒಂದು ಗಂಟೆ,
ಮರುದಿನ ಎರಡು, ಆಮೇಲೆ ಅರ್ಧ ದಿನ.
ನೆಲದಲ್ಲಿ ನೆಡುವುದು ಮಾತ್ರ
ಪಾಂಕ್ರಾತ್ಸಿ, ಸೆರ್ವಾತ್ಸಿ, ಬೊನಿಫಾತ್ಸಿ,
ಈ ಮೂವರು ಹಿಮದ ಸಂತರು ಹೋದ ಮೇಲೆ,
ಹದಿನೈದಕ್ಕೆ ಬರುವ ಚಳಿಯ ಜೋಫಿಯಾ
ಬಾಗಿಲು ಮುಚ್ಚಿ ಹೊರಟ ಮೇಲೆ.
ಒಂದು ವರ್ಷ ನಾನು ಅವಳಿಗಿಂತ ಜಾಣೆ ಅಂದುಕೊಂಡೆ.
ಬೆಳಗಾಗುವಾಗ ನಲವತ್ತು ಸಸಿ
ಬೇಯಿಸಿದ ಸೊಪ್ಪಿನಂತೆ ಮಲಗಿದ್ದವು.
ಬೇಲಿಯಾಚೆ ಲೆಯೊಕಾದ್ಯಾ ನೋಡಿದಳು, ಏನೂ ಅನ್ನಲಿಲ್ಲ.
ಅವಳ ಸಸಿಗಳು ಹಳೇ ಪರದೆ ಹೊದ್ದು ಬೆಚ್ಚಗಿದ್ದವು.

ಹೌದು, ನಿನ್ನ ತೋಟ ಅವಳದೇ.
ನನ್ನ ಆಕ್ರೋಟ ಮರದ ನೆರಳಿಗೆ ಜಗಳವಾಗಿ
ಹನ್ನೊಂದು ವರ್ಷ ನಾವು ಮಾತಾಡಲಿಲ್ಲ.
ಆಕ್ರೋಟದ ಬುಡದಲ್ಲಿ ಟೊಮೆಟೊ ಏಳುವುದಿಲ್ಲ,
ಅವಳು ಹೇಳಿದ್ದು ಸರಿಯೇ ಇತ್ತು. ಬರೆದುಕೋ.

ನೀರು ಬೆಳಿಗ್ಗೆ, ಬುಡಕ್ಕೆ, ಎಲೆಗಲ್ಲ.
ಚಿಪ್ಪಿಲ್ಲದ ಬಸವನಹುಳುವಿಗೆ ತಟ್ಟೆಯಲ್ಲಿ ಅಗ್ಗದ ಬಿಯರ್,
ಒಳ್ಳೆಯದು ನನಗಿರಲಿ.
ಏನು ಹೇಳುತ್ತಿದ್ದೆ?

ಹ್ಞಾ, ಆ ಮೂಲೆ. ನೀರಿನ ಡ್ರಮ್ಮಿನ ಹಿಂದೆ.
ಅಲ್ಲಿ ಮಾತ್ರ ಸಲಿಕೆ ತಾಗಿಸಬೇಡ.
ಕಳೆದ ಅಕ್ಟೋಬರಿನಲ್ಲಿ ಮಂಡಿಯೂರಿ ಏನೋ ಹೂಳುತ್ತಿದ್ದಳು,
ಏಳಲಾಗದೆ ಬೇಲಿ ಹಿಡಿದಳು. ನಾನೂ ಈಚೆಯಿಂದ ಹಿಡಿದೆ.
"ವಸಂತದಲ್ಲಿ ಸ್ವಲ್ಪ ನೋಡಿಕೋ" ಅಂದಳು.
ಅಷ್ಟೇ. ನವೆಂಬರಿನಲ್ಲಿ ಸತ್ತಳು.
ಏನು ಹೂತಳೆಂದು ನಾನು ಕೇಳಲಿಲ್ಲ,
ಕೇಳಿದರೆ ಸೋತಂತೆ ಅನ್ನಿಸಿತ್ತು.

ಹೊಸಬನಿಗೆ ಮೊದಲ ವರ್ಷ ಇದೊಂದೇ ನಿಯಮ:
ಏನೇನು ತಾನಾಗಿ ಏಳುತ್ತದೋ ನೋಡು, ಆಮೇಲೆ ಅಗೆ.
ಟುಲಿಪ್ ಇರಬಹುದು. ಬೆಳ್ಳುಳ್ಳಿಯೂ ಇರಬಹುದು.
ಅವಳ ಸ್ವಭಾವಕ್ಕೆ ಬೆಳ್ಳುಳ್ಳಿಯೇ.
ತಗೋ, ಈ ನಾಲ್ಕು ಕಡ್ಡಿ ಸುತ್ತ ಚುಚ್ಚು, ದಾರ ಕಟ್ಟು,
ಮಾಲ್ವಿನಾ ಓಡಿಬಂದು ತುಳಿಯದಿರಲಿ.
ಚಿಗುರು ಕಂಡ ದಿನ ಕೂಗು,
ಎಷ್ಟು ಬೇಗವಾದರೂ ಸರಿ. ಐದಕ್ಕೆಲ್ಲ ಎದ್ದಿರುತ್ತೇನೆ.