ಒಂದಕ್ಷರ

ಶಾರ್ಜಾದ ರೋಲಾ ಗಲ್ಲಿಯಲ್ಲಿ
ಲಿಗೋರಿ ಗಾಜಿನ ಮೇಲೆ ಹೆಸರು ಕೊರೆಯುತ್ತಾನೆ.
ಈ ವಾರ ನಲವತ್ತು ಫಲಕ:
‘ಬೆಳೆವ ಮಾರುಕಟ್ಟೆಗಳಲ್ಲಿ ಅತ್ಯುತ್ತಮ ದೂರಸಂಪರ್ಕ ಸೇವೆ.’
ಗುರುವಾರ ರಾತ್ರಿ ದುಬೈ ಹೋಟೆಲಲ್ಲಿ ಸಮಾರಂಭ,
ಕೋಟು, ಚಪ್ಪಾಳೆ, ಅನ್ನದ ಮೇಲೆ ಇಡೀ ಕುರಿ.

ಒಂದರಲ್ಲಿ ಮಾತ್ರ ಒಂದಕ್ಷರ ತಪ್ಪಿತು.
ಮಾಲೀಕ ಸಂಬಳದಲ್ಲಿ ಮುರಿದುಕೊಂಡ,
‘ತಗೊಂಡು ಹೋಗು’ ಅಂದ.

ಈಗ ಅದು ನಮ್ಮ ಕೋಣೆಯ ಕಿಟಕಿಯಲ್ಲಿ,
ಆರು ಮಂಚಗಳಿಗೆ ಸಿಗ್ನಲ್ ಸಿಗುವ
ಅದೊಂದೇ ಮೂಲೆಯಲ್ಲಿ ನಿಂತಿದೆ.
ಫೋನು ಅದಕ್ಕೊರಗಿಸಿ ಸರದಿ ಪ್ರಕಾರ ಮಾತಾಡುತ್ತೇವೆ.

ನಿನ್ನೆ ಲಿಗೋರಿಯ ಮಗಳು ಮೊದಲ ಸಲ
ಏನೋ ಓದಿ ತೋರಿಸುತ್ತಿದ್ದಳು.
ಚಿತ್ರ ನಿಂತಿತು, ಬಾಯಿ ಅರ್ಧ ತೆರೆದು.
‘ಅ’ ಇರಬೇಕು, ಅಂದೆ ನಾನು.
‘ಅಲ್ಲ, ಆ’ ಅಂದ ಲಿಗೋರಿ,
ಉಗುರಲ್ಲಿ ಗಾಜಿನ ತಪ್ಪನ್ನು ಸವರುತ್ತ.