ಡ್ಯಾಶ್‌ಬೋರ್ಡಿನ ಮೇಲೊಂದು ಲೋಟ ನೀರು

ಮಂಗಳವಾರ ಸಂಜೆ ಏಳಕ್ಕೆ, ಶೆಫೀಲ್ಡಿನ ವಾಕ್ಲಿ ಗುಡ್ಡದ ಮೇಲೆ
ಹಳೇ ಲೈಬ್ರರಿಯ ಹಿಂಬದಿ ಕೋಣೆಯಲ್ಲಿ ನನ್ನ ಪಾಠ.
ಆರು ಜನ. ಒಬ್ಬರಿಗೆ ಸಾಲುವಷ್ಟು ಹೀಟರು.
ಬೋರ್ಡಿನಲ್ಲೊಂದು ಲಾರಿ ಬರೆದೆ, ಲಾರಿಯ ಮೇಲೊಂದು ಪೆಟ್ಟಿಗೆ.
ನಾನು ಬರೆದ ಲಾರಿಗಳೆಲ್ಲ ಎತ್ತಿನಗಾಡಿಯಂತಿರುತ್ತವೆ.
ಯಾರೂ ನಗಲಿಲ್ಲ,
ಎತ್ತಿನಗಾಡಿಯನ್ನೇ ಶ್ರದ್ಧೆಯಿಂದ ನಕಲು ಮಾಡಿಕೊಂಡರು.

ಘರ್ಷಣಾ ಗುಣಾಂಕ ಸೊನ್ನೆ ಪಾಯಿಂಟ್ ನಾಲ್ಕು.
ಪೆಟ್ಟಿಗೆ ಜಾರದ ಹಾಗೆ ಲಾರಿಯ ವೇಗೋತ್ಕರ್ಷ
ಹೆಚ್ಚೆಂದರೆ ಎಷ್ಟಿರಬಹುದು?

ಗ್ಲೆನಿಸ್ ಔತ್‌ವೇಟ್, ವಯಸ್ಸು ಅರವತ್ತೊಂದು,
ಇಪ್ಪತ್ತೆಂಟು ವರ್ಷ ಆಂಬುಲೆನ್ಸ್ ಓಡಿಸಿದವಳು,
ಪೆನ್ನಿನ ಮುಚ್ಚಳ ಕಚ್ಚುತ್ತ ಕೇಳಿದಳು:
"ನೆಲ ಒದ್ದೆಯೋ, ಒಣಗಿದೆಯೋ?"

ಒಣಗಿದೆ ಅಂದುಕೊಳ್ಳೋಣ ಎಂದೆ.
ಪೆಟ್ಟಿಗೆಗೆ ಎಂಜಿನ್ನಿನ ಗುರುತಿಲ್ಲ, ರಸ್ತೆಯ ಪರಿಚಯವಿಲ್ಲ,
ಗೊತ್ತಿರುವುದು ತನ್ನ ಅಡಿಯ ಹಲಗೆ ಒಂದೇ.
ತಡೆಯುವುದೇ ಕಸುಬೆಂದು ನಾವು ಬೈಯುವ ಘರ್ಷಣೆ
ಇಲ್ಲಿ ಕೈಹಿಡಿದು ಮುಂದೆ ಕರೆದೊಯ್ಯುತ್ತದೆ.
ಮ್ಯೂ ಎಂ ಜಿ ಸಮ ಎಂ ಎ.
ಎರಡೂ ಕಡೆ ಎಂ ಹೊಡೆದು ಹಾಕಿ.
ಪೆಟ್ಟಿಗೆಯಲ್ಲಿ ಹತ್ತಿಯಿರಲಿ, ಕಬ್ಬಿಣವಿರಲಿ,
ಉತ್ತರ ಮೂರು ಪಾಯಿಂಟ್ ಒಂಬತ್ತು.
"ಹೌದು," ಎಂದಳು ಗ್ಲೆನಿಸ್,
"ಸಣಕಲರೂ ದಢೂತಿಗಳೂ ಒಂದೇ ಹೊತ್ತಿಗೆ ಜಾರುತ್ತಿದ್ದರು."

ಈಗ ಲಾರಿಯೊಳಗೆ ಕೂತು ನೋಡಿ.
ಪೆಟ್ಟಿಗೆ ಕದಲುತ್ತಿಲ್ಲ. ಆದರೆ ಘರ್ಷಣೆ ಎಳೆಯುತ್ತಿದೆಯಲ್ಲ?
ಲೆಕ್ಕ ಕೂಡಬೇಕಾದರೆ ಹಿಂದಕ್ಕೊಂದು ಬಾಣ ಬೇಕು.
ಚುಕ್ಕಿ ಚುಕ್ಕಿಯಾಗಿ ಬರೆದೆ.
ತಳ್ಳುವವರು ಯಾರೂ ಇಲ್ಲ,
ಅವರ ಭಾಷೆಯಲ್ಲಿ ಇದರ ಹೆಸರು ಕಟ್ಟುಕಥೆಯ ಬಲ.

ಪೆನ್ನು ಕೆಳಗಿಟ್ಟಳು.
"ಕಟ್ಟುಕಥೆ?
ನಾರ್ದರ್ನ್ ಜನರಲ್ ಆಸ್ಪತ್ರೆಗೆ ಒಂದು ರಾತ್ರಿ,
ಹಿಂದೆ ಸೊಂಟದ ಮೂಳೆ ಮುರಿದ ಛಾವಣಿ ಕೆಲಸದವನು.
ನಾನು ಪೆಡಲ್ ಒತ್ತಿದಾಗಲೆಲ್ಲ ಕೂಗುತ್ತಿದ್ದ.
ಅವನ ಸೊಂಟಕ್ಕೆ ಹೇಳಿ ಬನ್ನಿ, ಇದು ಕಥೆ ಅಂತ."

ಉತ್ತರ ಗೊತ್ತಿತ್ತು ನನಗೆ. ಹಾಸಿಗೆ ಮುಂದೆ ಹೊರಟಿತ್ತು,
ಮೈ ಇದ್ದಲ್ಲೇ ಇರಬಯಸಿತ್ತು, ಅಷ್ಟೇ.
ಆ 'ಅಷ್ಟೇ' ಬಾಯಿಂದ ಹೊರಡಲಿಲ್ಲ.
ನಾನು ಕಲಿತ ಕನ್ನಡದ ಪುಸ್ತಕದಲ್ಲಿ ಅದು ಮಿಥ್ಯಾಬಲ.
ಮಿಥ್ಯೆ ಸುಳ್ಳಲ್ಲ.
ಹಗ್ಗ ಹಾವಾಗಿ ಕಂಡಷ್ಟು ಹೊತ್ತೂ
ಬೆವರು ನಿಜ.
ಇದನ್ನು ಇಂಗ್ಲಿಷಿನಲ್ಲಿ ಹೇಳಹೋಗಿ
ಹಾವನ್ನೂ ಹಗ್ಗವನ್ನೂ ಗಂಟು ಹಾಕಿ ಸುಮ್ಮನಾದೆ.

ಅವಳೇ ಎದ್ದು ಬಂದು ಚಾಕ್ ತಗೊಂಡಳು.
ತರಬೇತಿಯಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಲೋಟ ನೀರಿಡುತ್ತಿದ್ದರಂತೆ,
ಚೆಲ್ಲಿದರೆ ಫೇಲು.
ನಾನು ಓರೆ ನೀರನ್ನು ಮುಂದಕ್ಕೆ ವಾಲಿಸಿ ಬರೆದಿದ್ದೆ.
"ತಪ್ಪು," ಅಳಿಸಿದಳು ಅಂಗೈಯಲ್ಲಿ,
"ಹೊರಡುವಾಗ ನನ್ನ ಕಡೆಗೆ. ತೊಡೆ ನೆನೆದದ್ದು ನನ್ನದು."

ಎಂಟು ಸೆಂಟಿಮೀಟರ್ ಅಗಲ, ಅಂಚಿಗೆ ಒಂದು ಸೆಂಟಿಮೀಟರ್ ಬಾಕಿ.
ಕೆಳಗೆ ಜಿ, ಹಿಂದಕ್ಕೆ ಚುಕ್ಕಿ ಬಾಣದ ಎ.
ಎರಡೂ ಕೂಡಿದ ದಿಕ್ಕಿಗೆ ನೀರು ಅಡ್ಡ ಮಲಗುತ್ತದೆ.
ನಾಲ್ಕಕ್ಕೆ ಒಂದು ಏರಿದರೆ ಅಂಚು.
ಜಿ ಯಲ್ಲಿ ಕಾಲು ಭಾಗ, ಎರಡೂವರೆಗೆ ತುಸು ಕಮ್ಮಿ.
ಬೋರ್ಡಿನ ಆ ತುದಿಯ ಮೂರು ಪಾಯಿಂಟ್ ಒಂಬತ್ತನ್ನೇ ನೋಡುತ್ತ
ನಿಂತುಬಿಟ್ಟಳು.

"ಲೋಟ ಜಾರುವುದಕ್ಕೆ ಎಷ್ಟೋ ಮೊದಲೇ ನೀರು ಚೆಲ್ಲುತ್ತೆ.
ಅದಕ್ಕೇ ನೀರು ಇಟ್ಟರು."
ಸ್ವಲ್ಪ ತಡೆದು, ಯಾರಿಗೂ ಅಲ್ಲದ ಹಾಗೆ:
"ಆ ರಾತ್ರಿ ನಾನು ಚೆಲ್ಲಿದೆ."

ಕ್ಲಾಸು ಮುಗಿಯಿತು. ಇಳಿಜಾರಿನ ಬಸ್ಸಿನಲ್ಲಿ ಜಾಗವಿರಲಿಲ್ಲ.
ಕೆಂಪು ದೀಪಕ್ಕೆ ಬ್ರೇಕ್ ಬಿದ್ದು
ಚಿಪ್ಸ್ ಪೊಟ್ಟಣದ ಹುಡುಗನೊಬ್ಬ ನನ್ನ ಬೆನ್ನಿಗೆ ಬಂದು ಬಡಿದ.
"ಸಾರಿ" ಎಂದ.
ನೀನಲ್ಲ ಎನ್ನಬೇಕೆಂದುಕೊಂಡೆ.
ಕಂಬಿ ಬಿಗಿಯಾಗಿ ಹಿಡಿದೆ.
ಬೂಟಿನಡಿ ನೆಲ ಒದ್ದೆಯಾಗಿತ್ತು.